ಸೋರಲಾರದ ಕಿವಿಗೆ ಜಡ್ಡಿಲ್ಲ

ಡಾಕ್ಟರು ತೀರಿಕೊಂಡು ಹದಿನೈದು ದಿನವಾಗಿತ್ತು. ಮುಂಬಯಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, ಅವರ ನೆನಪಿನ ಸಂಚಿಕೆಗೆ ನೀವೂ ನಾಲ್ಕು ಪುಟ ಬರೆದುಕೊಡಬೇಕು ಎಂದರು. ನಿಮ್ಮ ಮಗಳನ್ನು ಉಳಿಸಿದವರು ಅವರೇ ಅಲ್ಲವೇ, ನೀವು ಬರೆಯದೆ ಮತ್ತೆ ಯಾರು ಬರೆಯಬೇಕು ಎಂದೂ ಸೇರಿಸಿದರು. ನಾನು ಚಹಾ ಕೊಟ್ಟು, ಬರೆಯುತ್ತೇನೆ ಎಂದೆ. ಅವರು ಮೆಟ್ಟಿಲಿಳಿದ ಮೇಲೆ ಯಜಮಾನರು ಪೇಪರಿನ ಹಿಂದಿನಿಂದಲೇ, "ಸತ್ತವರ ಬಗ್ಗೆ ಒಳ್ಳೇದು ಬರೀಬೇಕಾಗ್ತದ, ನೆನಪಿರಲಿ" ಎಂದರು.

ಒಳ್ಳೆಯದು ಇದ್ದಷ್ಟು ಬರೆಯುತ್ತೇನೆ. ಬಹಳ ಇಲ್ಲ, ಆದ್ದರಿಂದ ಅದನ್ನು ಮೊದಲೇ ಮುಗಿಸಿಬಿಡುವುದು ಸಲೀಸು.

ಡಾಕ್ಟರು ಹೇಳಿದ ಹೊತ್ತಿಗೆ ದವಾಖಾನೆ ತೆರೆಯುತ್ತಿದ್ದರು. ಭಾನುವಾರ ಬಡವರನ್ನು ಪುಕ್ಕಟೆ ನೋಡುತ್ತಿದ್ದರು. ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯಿಂದ ಟ್ರಂಕು ಹಿಡಿದು ಬೋರಿಬಂದರ್ ಸ್ಟೇಶನ್ನಿನಲ್ಲಿ ಇಳಿದ ಹುಡುಗರಿಗೆ ಕೆಲಸದ ಚೀಟಿ ಬರೆದುಕೊಡುತ್ತಿದ್ದರು. ನಮ್ಮ ಯಜಮಾನರಿಗೆ ವಿಕ್ರೋಳಿಯ ಕಾರ್ಖಾನೆ ಆಫೀಸಿನಲ್ಲಿ ಜಾಗ ಸಿಕ್ಕಿದ್ದು ಅವರ ಚೀಟಿಯಿಂದಲೇ. ಕೀವು ಸೋರುವ ಕಿವಿಯನ್ನು ಅವರು ತೊಳೆಯುವಾಗ ಕೂಸುಗಳು ಅಳುತ್ತಿರಲಿಲ್ಲ, ಅಷ್ಟು ಹಗುರ ಕೈ. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಳ್ಳೆಯದು ಇಲ್ಲಿಗೆ ಮುಗಿಯಿತು.

ಅವರ ದವಾಖಾನೆ ಗ್ರಾಂಟ್ ರೋಡಿನಲ್ಲಿ ಒಂದು ಉಡುಪಿ ಹೋಟೆಲಿನ ಮೇಲಿನ ಮಾಳಿಗೆಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಸಾಂಬಾರಿನ ವಾಸನೆ, ಮೇಲೆ ಹೋದರೆ ಸ್ಪಿರಿಟ್ಟಿನ ವಾಸನೆ. ಹೊರಗಿನ ಕೋಣೆಯಲ್ಲಿ ಎರಡು ಬೆಂಚು. ಬಾಗಿಲ ಬಳಿಯದು ಹಸಿ ಬೆಂಚು, ಕಿಟಕಿಯ ಕೆಳಗಿನದು ಒಣ ಬೆಂಚು. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ, ಆದರೆ ಒಂದು ಸಲ ಹೋದವರಿಗೆ ಗೊತ್ತಾಗಿಬಿಡುತ್ತಿತ್ತು. ಒಬ್ಬ ಮುದಿ ಮರಾಠಿ ಕಂಪೌಂಡರ್ ಇದ್ದರು, ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದರು. ಬಂದವರ ಕಿವಿಯಲ್ಲಿ ಮಾಮಾ ಹತ್ತಿಯ ಬತ್ತಿ ಇಟ್ಟು, ತಿರುವಿ, ತೆಗೆದು ಬೆಳಕಿಗೆ ಹಿಡಿಯುತ್ತಿದ್ದರು. ಬತ್ತಿ ಒದ್ದೆಯಾಗಿದ್ದರೆ ಹಸಿ ಬೆಂಚು, ಒಬ್ಬೊಬ್ಬರಾಗಿ ಒಳಗೆ ಕರೆ. ಒಣಗಿದ್ದರೆ ಒಣ ಬೆಂಚು. ಹಸಿ ಬೆಂಚು ಖಾಲಿಯಾದ ಮೇಲೆ ಡಾಕ್ಟರು ಕೋಟಿನ ತೋಳು ಇಳಿಸಿಕೊಂಡು ಹೊರಗೆ ಬಂದು, ಒಣ ಬೆಂಚಿನವರನ್ನೆಲ್ಲ ಸಾಲಿನಲ್ಲೇ, ಅನ್ನ ಬಡಿಸಿಕೊಂಡು ಹೋದಂತೆ ಮುಗಿಸುತ್ತಿದ್ದರು. ಕಿವಿಯೊಳಗೆ ಬೆಳಕು ಹಾಯಿಸಲು ಹಣೆಗೆ ಕಟ್ಟುವ ಕನ್ನಡಿಯನ್ನು ಅಷ್ಟರಲ್ಲೇ ಬಿಚ್ಚಿ ಮೇಜಿನ ಮೇಲೆ ಇಟ್ಟಾಗಿರುತ್ತಿತ್ತು.

"ಸೋರಲಾರದ ಕಿವಿಗೆ ಜಡ್ಡಿಲ್ಲ" ಎನ್ನುವುದು ಅವರ ಮಾತು. ಗಾದೆಯ ಹಾಗೆ ಹೇಳುತ್ತಿದ್ದರು. ಸಂಘದ ಭಾಷಣದಲ್ಲಿ ಹೇಳುತ್ತಿದ್ದರು, ಮದುವೆಯ ಪಂಕ್ತಿಯಲ್ಲಿ ಹೇಳುತ್ತಿದ್ದರು, ಕೇಳಿದವರು ಗೋಣು ಹಾಕುತ್ತಿದ್ದರು. ಕಿವಿಗೆ ಕಡ್ಡಿ ಹಾಕಬಾರದೆಂದು ಎಲ್ಲರಿಗೂ ಬೋಧಿಸಿ, ತಾವು ಮಾತ್ರ ಕಪಾಟಿನ ಬೀಗದ ಕೈಯಿಂದ ಕಿವಿ ಕೆರೆದುಕೊಳ್ಳುತ್ತ ಕಣ್ಣು ಅರೆ ಮುಚ್ಚುತ್ತಿದ್ದರು. ಆ ಬೀಗದ ಕೈಯಿಂದಲೇ ಮತ್ತೆ ಕಪಾಟು ತೆರೆದು ಔಷಧ ತೆಗೆಯುತ್ತಿದ್ದರು.

ಹೆಂಗಸರು ಹೇಳುವುದನ್ನು ಅವರು ಪೂರ್ತಿ ಕೇಳಿದ್ದನ್ನು ನಾನು ಕಂಡಿಲ್ಲ. ಅರವತ್ತರ ಒಳಗಿನವರೆಲ್ಲ ಅವರಿಗೆ ತಂಗಿಯರು, ತಂಗಿಯರ ಮಾತೆಲ್ಲ ಗದ್ದಲ. ಯಾರಾದರೂ ನಾಲ್ಕು ದಿನದಿಂದ ಕಿವಿ ಎಂದು ಶುರು ಮಾಡಿದರೆ, ಗುಂಯ್ ಅಂತದ ಹೌದಿಲ್ಲೋ ಎಂದು ಅವರೇ ಮುಗಿಸುತ್ತಿದ್ದರು. ನಮ್ಮ ಕೆಳಮನೆಯ ಸೋನುಬಾಯಿ ಒಮ್ಮೆ ಧೈರ್ಯ ಮಾಡಿ, ಇಲ್ಲರೀ ಗುಂಯ್ ಅನ್ನೂದಿಲ್ಲ ಎಂದಳಂತೆ. ಅದಕ್ಕೆ ಡಾಕ್ಟರು, ಅನ್ನಬೇಕದು, ಇನ್ನೆರಡು ದಿನ ತಡಿ ಎಂದು ಕಳಿಸಿದರಂತೆ. ಸೋನುಬಾಯಿ ಇದನ್ನು ಅವರ ಹೆಚ್ಚುಗಾರಿಕೆ ಎಂದೇ ಹೇಳಿಕೊಂಡು ತಿರುಗಿದಳು. ಎರಡು ದಿನದ ಮೇಲೆ ಗುಂಯ್ ಅಂದಿತೋ ಇಲ್ಲವೋ ನಾನು ಕೇಳಲಿಲ್ಲ.

ಇನ್ನು ನನ್ನ ಮಗಳು ಕುಮುದಾಳ ವಿಷಯ. ಕಾರ್ಯದರ್ಶಿಗಳು ಕೇಳಿದ್ದೂ ಅದನ್ನೇ.

ನನಗೆ ಬರೆದಿಡುವ ಚಾಳಿ ಇದೆ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಮಕ್ಕಳ ಜ್ವರ, ಹಲ್ಲು, ಸಿಡುಬಿನ ದೇವಿ ಹಾಕಿಸಿದ ದಿನ, ಯಾವುದು ತಿಂದರೆ ಯಾರಿಗೆ ಆಗುವುದಿಲ್ಲ, ಎಲ್ಲ ಬರೆಯುತ್ತೇನೆ. ದಿನವೂ ಬರೆಯುತ್ತೇನೆ. ಏನೂ ಆಗದ ದಿನ ಏನೂ ಇಲ್ಲ ಎಂದು ಬರೆಯುತ್ತೇನೆ. ಅತ್ತೆ ಇದ್ದಾಗ, ಕಲೆಕ್ಟರ್ ಕಚೇರಿ ಅಂತ ನಗುತ್ತಿದ್ದರು. ನಕ್ಕರೂ ಮೊಮ್ಮಕ್ಕಳಿಗೆ ಕೆಮ್ಮು ಬಂದಾಗ ಹೋದ ಸಲ ಏನು ಕೊಟ್ಟಿದ್ವಿ ನೋಡು ಎಂದು ನನ್ನನ್ನೇ ಕೇಳುತ್ತಿದ್ದರು.

ಕುಮುದಾ ನನ್ನ ನಾಲ್ಕನೆಯವಳು. ಅವಳಿಗೆ ಐದು ತುಂಬಿದ ವರ್ಷ ನಾನೊಂದು ಗಮನಿಸಿದೆ. ವಡಾಲದ ನಮ್ಮ ಎರಡು ಕೋಣೆಯ ಮನೆಯಲ್ಲಿ ಊಟಕ್ಕೆ ಕೂತಾಗ ಅವಳ ಎಡಕ್ಕೆ ಅಡುಗೆಮನೆ, ಬಲಕ್ಕೆ ಅವಳ ಅಣ್ಣ. ನಾನು ಒಲೆಯ ಮುಂದಿನಿಂದ ಮಜ್ಜಿಗೆ ಬೇಕೇನೇ ಎಂದು ಎರಡು ಸಲ ಕೇಳಿದರೂ ಅವಳು ಎಲೆಯಿಂದ ತಲೆ ಎತ್ತುತ್ತಿರಲಿಲ್ಲ. ಅಣ್ಣ ಬಲಗಡೆಯಿಂದ ಪಿಸುಗುಟ್ಟಿದರೆ ತಿರುಗುತ್ತಿದ್ದಳು. ಮಧ್ಯಾಹ್ನ ಮಲಗಿದಾಗ ನೋಡಿದೆ. ಎಡಕಿವಿ ದಿಂಬಿಗೆ ಒತ್ತಿ ಮಲಗಿದ್ದರೆ ಮೀನಿನವಳು ಕೆಳಗೆ ಕೂಗಿದೊಡನೆ ಏಳುತ್ತಿದ್ದಳು. ಬಲಕಿವಿ ಒತ್ತಿ ಮಲಗಿದ್ದರೆ ನಾನು ಪಕ್ಕದಲ್ಲೇ ಹಿತ್ತಾಳೆಯ ಪರಾತ ಬೀಳಿಸಿದರೂ ಏಳುತ್ತಿರಲಿಲ್ಲ. ಒಂಬತ್ತು ಮಧ್ಯಾಹ್ನ ಹೀಗೆ ನೋಡಿ, ಬರೆದಿಟ್ಟು, ಹತ್ತನೆಯ ದಿನ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಬತ್ತಿ ಒಣಗಿಯೇ ಬಂತು. ಒಣ ಬೆಂಚು. ಡಾಕ್ಟರು ಅವಳ ಎಡಕಿವಿಯ ಹತ್ತಿರ ಬಾಗಿ, ಕೆಳಗೆ ಹೋಟೆಲಿನವರಿಗೂ ಕೇಳುವಂತೆ ನಿನ್ನ ಹೆಸರೇನು ಎಂದರು. ಕುಮುದಾ ಹೆಸರು ಹೇಳಿದಳು. ಕೇಳಸ್ತದಲ್ಲ, ಮತ್ತೇನು ಎಂದರು. ಬಲಕಿವಿ ಮುಚ್ಚಿ ಕೇಳಿ ನೋಡ್ರಿ ಎಂದು ನಾನು ಹೇಳಿದೆ. ಅವರು ಬೆಂಚಿನವರ ಕಡೆ ತಿರುಗಿ, ನಮ್ಮ ತಂಗಿ ನನಗ ಡಾಕ್ಟರಕಿ ಕಲಸ್ತಾಳ ಎಂದು ನಕ್ಕರು. ಹುಡುಗಿಗೆ ಹಟ, ಕಡೆಯ ಕೂಸು ಅಂತ ಅತಿ ಮುದ್ದು ಮಾಡಿದ್ದರ ಫಲ, ನೆನೆಸಿದ ಬಾದಾಮಿ ಕೊಡು, ಮುದ್ದು ಕಡಿಮೆ ಮಾಡು ಎಂದರು. ಕಿವಿಯೊಳಗೆ ನೋಡಲಿಲ್ಲ. ಕನ್ನಡಿ ಆಗಲೇ ಮೇಜಿನ ಮೇಲಿತ್ತಲ್ಲ.

ತಜ್ಞರೇ ಹೇಳಿದ ಮೇಲೆ ಮುಗಿಯಿತು ಎಂದರು ಯಜಮಾನರು. ನಾನು ಬಾದಾಮಿ ನೆನೆಸಿದೆ. ಮುದ್ದನ್ನೂ ಕಡಿಮೆ ಮಾಡಿದೆ, ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಕರೆದಾಗ ತಿರುಗದಿದ್ದಕ್ಕೆ ಆ ವರ್ಷ ಅವಳಿಗೆ ಎರಡು ಸಲ ಹೊಡೆದೆ. ಅದೂ ಪುಸ್ತಕದಲ್ಲಿದೆ.

ಮರುವರ್ಷ ಶಾಲೆಯ ಟೀಚರಬಾಯಿ ಹೇಳಿಕಳಿಸಿದರು. ಉಕ್ತಲೇಖನದಲ್ಲಿ ಹುಡುಗಿ ಅರ್ಧ ಸಾಲು ಬಿಡುತ್ತಾಳೆ, ಜಾಗ ಬದಲಿಸಿದರೆ ಸರಿ ಬರೆಯುತ್ತಾಳೆ, ಕಿವಿ ತೋರಿಸಿ ಎಂದು. ಈ ಸಲ ಯಜಮಾನರೂ ರಜೆ ಹಾಕಿ ಬಂದರು. ಅವರು ಬಂದಿದ್ದಕ್ಕೋ ಏನೋ, ಡಾಕ್ಟರು ಕನ್ನಡಿ ಕಟ್ಟಿಕೊಂಡು ಎಡಕಿವಿಯಲ್ಲಿ ನೋಡಿದರು. ಒಂದರಿಂದ ಐದು ಎಣಿಸುವಷ್ಟು ಹೊತ್ತು. ಆಮೇಲೆ ಕನ್ನಡಿ ಮೇಲೆತ್ತಿ, ಕಿವಿಯ ಪರದೆಯಲ್ಲಿ ಬೆಳ್ಳಗೆ ಕಾಣುತ್ತದೆ, ಸುಣ್ಣದ ಕಲೆ, ಹಿಂದೆ ಯಾವಾಗಲೋ ಕಿವಿ ಸೋರಿ ಒಣಗಿದ ಗುರುತು, ಅದರಿಂದ ಏನೂ ಆಗುವುದಿಲ್ಲ ಎಂದರು.

ಇವಳ ಕಿವಿ ಹುಟ್ಟಿದಾಗಿನಿಂದ ಒಂದು ದಿನವೂ ಸೋರಿಲ್ಲ ಎಂದೆ.

"ಸೋರಿರ್ತದ ತಂಗೀ. ತಾಯಂದ್ರಿಗೆ ನೆನಪಿರೂದಿಲ್ಲ."

ನೆನಪಿನ ಮಾತಲ್ಲ, ಬರೆದಿದೆ ಎಂದು ನಾನು ಚೀಲದಿಂದ ನೋಟುಬುಕ್ಕು ತೆಗೆದು ಕೊಟ್ಟೆ. ಅವರು ಅದನ್ನು ಒದ್ದೆ ಬಟ್ಟೆ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು, ಒಂದು ಪುಟ ತೆರೆದು, ಎರಡೂ ಬೆಂಚಿಗೆ ಕೇಳುವಂತೆ ಓದಿದರು. ಕುಮುದಾಗೆ ಕೆಳಗಿನ ಎರಡನೇ ಹಲ್ಲು. ಹಾಲು ಒಡೆಯಿತು. ಸಂಜೆ ಹೊಟ್ಟೆ ಹಸನಾಯಿತು. ಬೆಂಚುಗಳು ನಕ್ಕವು. ಮಾಮಾಗೆ ಕನ್ನಡ ಬರದಿದ್ದರೂ ಅವರೂ ನಕ್ಕರು. ಯಜಮಾನರು ನೆಲ ನೋಡುತ್ತ ನಕ್ಕರು. ಹಾಲು ಒಡದದ್ದು ಬರದಾಳ ನೋಡ್ರಿ, ಇನ್ನ ಕಿವಿ ಸೋರಿದ್ದು ಬಿಡತಾಳೇನು ಎಂದು ಅಲ್ಲಿ ಒಬ್ಬರಿಗಾದರೂ ತೋಚಬೇಕಾಗಿತ್ತು. ತೋಚಲಿಲ್ಲ. ಆ ಡಾಕ್ಟರಿಗಂತೂ ತೋಚುವ ಹಾಗೇ ಇರಲಿಲ್ಲ. ಅವರ ಶಾಸ್ತ್ರದಲ್ಲಿ ಪರದೆ ಬೆಳ್ಳಗಿದ್ದರೆ ಕಿವಿ ಸೋರಿರಲೇಬೇಕು. ಸೋರಿಲ್ಲ ಎಂದು ತಾಯಿ ಹೇಳಿದರೆ ತಾಯಿ ಮರೆತಿರಬೇಕು. ಮರೆಯದಂತೆ ಬರೆದಿಟ್ಟಿದ್ದರೆ ತಾಯಿಗೆ ಹುಚ್ಚಿರಬೇಕು. ಕಣ್ಣ ಮುಂದಿನ ಬಿಳಿಯನ್ನು ಮತ್ತೊಮ್ಮೆ ನೋಡುವುದೊಂದನ್ನು ಬಿಟ್ಟು ಬೇರೆಲ್ಲ ದಾರಿಯೂ ಅವರಿಗೆ ತೆರೆದಿತ್ತು.

ಅವರನ್ನು ನಾನು ಡಾಕ್ಟರೆಂದು ಎಣಿಸುವುದನ್ನು ಬಿಟ್ಟದ್ದು ಆ ದಿನ. ಆದರೂ ಇನ್ನೊಂದು ಸಲ ಹೋದೆ, ಹೋಗಬೇಕಾಯಿತು.

ಕುಮುದಾಗೆ ಏಳು ನಡೆಯುತ್ತಿತ್ತು. ಶನಿವಾರ ಎಣ್ಣೆ ಹಚ್ಚಿ ಎರೆಯುತ್ತಿದ್ದೆ. ಕಣ್ಣು ಮುಚ್ಚು ಎಂದು ಸೀಗೆಪುಡಿ ಹಾಕಿದೆ, ಚೀರಿದಳು. ಮುಚ್ಚು ಅಂದ್ರೆ ಮುಚ್ಚಬೇಕವ್ವಾ ಎಂದು ಗದರಿಸಿ ಮುಖ ನೋಡಿದೆ. ಅವಳು ಮುಚ್ಚಿಯೇ ಇದ್ದಳು. ಬಲಗಣ್ಣು ಬಿಗಿಯಾಗಿ ಮುಚ್ಚಿತ್ತು, ಎಡಗಣ್ಣು ಅಕ್ಕಿಕಾಳಿನಷ್ಟು ತೆರೆದೇ ಉಳಿದಿತ್ತು. ಬಾಯಿ ಮುಕ್ಕಳಿಸು ಎಂದೆ. ನೀರು ಎಡಗಡೆಯ ತುಟಿಯಂಚಿನಿಂದ ತಾನೇ ಇಳಿಯಿತು.

ಆ ಮಧ್ಯಾಹ್ನವೇ ಗ್ರಾಂಟ್ ರೋಡಿಗೆ ಓಡಿದೆ. ಮಾಮಾ ಬತ್ತಿ ಹಾಕಿದರು, ಒಣಗಿತ್ತು. ಒಣ ಬೆಂಚಿನ ಸರದಿ ಬಂದಾಗ ಡಾಕ್ಟರು ಅವಳ ಗಲ್ಲ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ, ಲೋಕಲ್ ರೈಲಿನಲ್ಲಿ ಕಿಟಕಿಯ ಹತ್ತಿರ ಕೂರಿಸಿದ್ದೀರಿ, ಗಾಳಿ ಬಡಿದಿದೆ, ಬಿಸಿ ಎಣ್ಣೆ ತಿಕ್ಕಿ ಉಣ್ಣೆ ಕಟ್ಟು ಎಂದರು. ಕಿವಿಯಲ್ಲಿ ಒಂದು ಸಲ ನೋಡ್ರಿ ಎಂದೆ. ಕೈ ಮುಗಿದು ಎಂದೆ.

"ಮಾರಿಗೆ ಗಾಳಿ ಬಡದ್ರ ಕಿವಿ ಯಾಕ ನೋಡ್ಲಿ? ಎಷ್ಟ ಸಲ ಹೇಳ್ಬೇಕು ನಿನಗ, ಸೋರಲಾರದ ಕಿವಿಗೆ ಜಡ್ಡಿಲ್ಲ."

ನಾನು ಮೆಟ್ಟಿಲಿಳಿದೆ. ಎಡಕ್ಕೆ ಹೋದರೆ ಮನೆಗೆ ಹೋಗುವ ಟ್ರಾಮ್. ಯಜಮಾನರನ್ನು ಕೇಳದೆ ನಾನು ಮುಂಬಯಿಯಲ್ಲಿ ಒಬ್ಬಳೇ ಹೊಸ ಜಾಗಕ್ಕೆ ಹೋದವಳಲ್ಲ. ಕೆಳಗಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವರನ್ನು ದೊಡ್ಡ ಸರಕಾರಿ ಆಸ್ಪತ್ರೆಗೆ ಹೇಗೆ ಹೋಗುವುದೆಂದು ಕೇಳಿದೆ. ಅವರು ಕುಮುದಾಳ ಮುಖ ನೋಡಿ, ಎದ್ದು ಬಂದು, ನಮ್ಮನ್ನು ಬಸ್ಸಿಗೆ ಹತ್ತಿಸಿದರು.

ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಅವತ್ತು ಇದ್ದವರು ಒಬ್ಬ ಲೇಡಿ ಡಾಕ್ಟರು. ಮರಾಠಿಯವರು, ವಯಸ್ಸು ಮೂವತ್ತೂ ಇರಲಿಕ್ಕಿಲ್ಲ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಮೊದಲು ಕೇಳಿದ್ದೇ ಈ ಕಿವಿ ಯಾವಾಗಲಾದರೂ ಸೋರಿತ್ತೇ ಎಂದು. ಇಲ್ಲ ಎಂದೆ. ಖಂಡಿತ ಹೇಳುತ್ತೀರಾ ಎಂದರು. ನಾನು ಹೆದರುತ್ತಲೇ ನೋಟುಬುಕ್ಕು ತೆಗೆದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಒಂದು ಗಳಿಗೆ ಪುಟಗಳನ್ನು ತಿರುವಿ ನೋಡಿ, ಸ್ಟೂಲನ್ನು ನನ್ನ ಕಡೆ ಎಳೆದುಕೊಂಡು, "ಓದಿ, ಬಾಯಿಯವರೇ. ಜ್ವರ ಬಂದ ದಿನಗಳನ್ನೆಲ್ಲ ಓದಿ" ಎಂದರು.

ನಾನು ಓದಿದೆ. ಕನ್ನಡದಲ್ಲಿ ಓದಿ, ನನಗೆ ಬರುವ ಮರಾಠಿಯಲ್ಲಿ ಹೇಳಿದೆ. ಗೊಬ್ಬರ ಅಂದರೆ ದಡಾರ, ನಾಯಿಕೆಮ್ಮು, ಕುತ್ತಿಗೆಯ ಕುರು, ಮಳೆಗಾಲದ ನೆಗಡಿಗಳು. ಹೊರಗೆ ಕಾಯುತ್ತಿದ್ದವರು ಗೊಣಗುತ್ತಿದ್ದರು. ಲೇಡಿ ಡಾಕ್ಟರು ಕೇಳಿಸಿಕೊಂಡರೂ ಏಳಲಿಲ್ಲ. ಪ್ರತಿ ನೆಗಡಿಗೂ ಕಿವಿ ನೋವು ಎಂದಳೇ, ದಿಂಬಿನ ಮೇಲೆ ಕಲೆ ಇತ್ತೇ ಎಂದು ಕೇಳಿದರು. ಒಂದಕ್ಕೂ ಹೌದು ಇರಲಿಲ್ಲ.

ಆಮೇಲೆ ಕಬ್ಬಿಣದ ಚಿಮಟದಂಥ ಒಂದು ಸಲಾಕೆಯನ್ನು ಮಂಡಿಗೆ ಬಡಿದು, ಅದು ಝೇಂಕರಿಸುತ್ತಿದ್ದಂತೆ ಕುಮುದಾಳ ನಡುನೆತ್ತಿಯ ಮೇಲೆ ಇಟ್ಟು, ಯಾವ ಕಡೆ ಕೇಳುತ್ತದೆ ಎಂದರು. ಅವಳು ಎಡಗಡೆ ತೋರಿಸಿದಳು. ಅದು ಕೇಳದ ಕಿವಿ, ಇವಳು ಸುಳ್ಳು ಹೇಳುತ್ತಾಳೆಂದು ಇವರೂ ಬಯ್ಯುತ್ತಾರೆ ಎಂದುಕೊಂಡೆ. ಅವರು ಸರಿಯಾಗಿ ಹೇಳಿದೆ ಎಂದು ಅವಳ ಬೆನ್ನು ತಟ್ಟಿದರು. ನನ್ನತ್ತ ತಿರುಗಿ, ನೀವೇ ಒಂದು ಕಿವಿಯನ್ನು ಬೆರಳಿಂದ ಮುಚ್ಚಿ ಗುನುಗಿ ನೋಡಿ ಎಂದರು. ಗುನುಗಿದೆ. ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿತು. ಒಳಗಿನ ನರ ಚೆನ್ನಾಗಿದೆ, ದಾರಿಯಲ್ಲಿ ಏನೋ ಅಡ್ಡ ಕೂತಿದೆ ಎಂದು ಇದರ ಅರ್ಥ ಎಂದರು.

ಆ ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ನೋಡಿ, ನನ್ನನ್ನೂ ಕರೆದು ಕೊಳವೆಗೆ ಕಣ್ಣು ಹಚ್ಚಿಸಿದರು. ಈರುಳ್ಳಿಯ ಒಳಪೊರೆಯಂಥ ತೆಳು ಪರದೆ. ಎಲ್ಲೂ ಹರಿದಿಲ್ಲ, ತೂತಿಲ್ಲ. ಅದರ ಹಿಂದೆ ನೆನೆದ ಸಾಬುದಾಣಿಯಂಥ ಒಂದು ಬಿಳಿ ಉಂಡೆ. ಕಲೆ ಪರದೆಯ ಮೇಲೆ ಇರುತ್ತದೆ, ಇದು ಪರದೆಯ ಹಿಂದೆ ಇದೆ, ನೋಡಿದಿರಲ್ಲ ಎಂದರು. ನೋಡಿದೆ. ಎರಡು ವರ್ಷ ಕಿವಿಯನ್ನು ಸರಿಯಾಗಿ ನೋಡದ ಡಾಕ್ಟರ ಕೈಲಿ ಮಗಳನ್ನು ಇಟ್ಟಿದ್ದ ನನಗೂ ಅದು ಕಂಡಿತು.

ಅವರು ನನಗೆ ತಿಳಿಯುವಂತೆ ಹೇಳಿದ್ದನ್ನು ಆ ಸಂಜೆ ಹಾಗೇ ಬರೆದಿಟ್ಟಿದ್ದೇನೆ. ಕೂಸು ಹೊಟ್ಟೆಯಲ್ಲಿ ಮೂಡುವಾಗ ಹೊರಗೆ ಇರಬೇಕಾದ ಚರ್ಮದ ಒಂದು ಕಣ ಕಿವಿಯ ಒಳಕೋಣೆಯಲ್ಲಿ ಉಳಿದುಬಿಡುತ್ತದೆ. ಯಾಕೆ ಉಳಿಯುತ್ತದೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ಚರ್ಮದ ಸ್ವಭಾವ ದಿನವೂ ಮೇಲಿನ ಪದರ ಉದುರಿಸುವುದು. ಎಣ್ಣೆ ಹಚ್ಚಿ ತಿಕ್ಕಿದಾಗ ಮೈಯಿಂದ ಉರುಟುರುಟಾಗಿ ಬರುತ್ತದಲ್ಲ, ಅದು. ಮೈಮೇಲಿನದು ನೀರಿನಲ್ಲಿ ಹೋಗುತ್ತದೆ. ಕಿವಿಯೊಳಗೆ ಉಳಿದ ಕಣವೂ ತನ್ನ ಸ್ವಭಾವ ಬಿಡುವುದಿಲ್ಲ, ಆದರೆ ಉದುರಿದ್ದು ಹೋಗಲು ಬಾಗಿಲಿಲ್ಲ. ಪದರದ ಮೇಲೆ ಪದರ ಕೂತು ಮುತ್ತಿನ ಹಾಗೆ ಉಂಡೆ ಕಟ್ಟುತ್ತದೆ. ನೋವಿಲ್ಲ, ಜ್ವರವಿಲ್ಲ, ಕೀವಿಲ್ಲ. ವರ್ಷ ವರ್ಷ ದೊಡ್ಡದಾಗುತ್ತ, ಸದ್ದನ್ನು ಒಳಗೆ ಸಾಗಿಸುವ ಮೂರು ಸಣ್ಣ ಎಲುಬುಗಳನ್ನು ತಿನ್ನುತ್ತದೆ. ಮುಖದ ನರ ಅದೇ ಕೋಣೆಯ ಗೋಡೆಯಲ್ಲಿ ಹೋಗುತ್ತದೆ, ಆ ಗೋಡೆಯನ್ನು ತಿನ್ನುತ್ತದೆ. ಮೇಲಿನ ಸೂರಿನಾಚೆ ಮಿದುಳಿದೆ. ಅಲ್ಲಿಗೆ ಮುಟ್ಟುವ ಮುಂಚೆ ತೆಗೆಯಬೇಕು.

"ಸೋರಿದ ಕಿವಿಯಾಗಿದ್ದರೆ ಹೊರಗಿನಿಂದ ಬಂತು ಎನ್ನುತ್ತಿದ್ದೆವು. ಇದು ಹುಟ್ಟಿನಿಂದಲೇ ಇತ್ತು. ನಿಮ್ಮ ಪುಸ್ತಕ ಅದನ್ನು ಹೇಳಿತು."

ಬಸುರಿ ಇದ್ದಾಗ ಒಂದು ಗ್ರಹಣದ ದಿನ ನಾನು ನಲ್ಲಿಯ ನೀರು ನಿಂತೀತೆಂದು ಹೊರಗೆ ಹೋಗಿದ್ದೆ. ಅದರಿಂದ ಆಯಿತೇ ಎಂದು ಕೇಳಿದೆ. ನಗಲಿಲ್ಲ ಅವರು. ಯಾವ ತಾಯಿ ಮಾಡಿದ್ದರಿಂದಲೂ ಇದು ಆಗುವುದಿಲ್ಲ, ಇನ್ನೆಂದೂ ಹಾಗೆ ಅಂದುಕೊಳ್ಳಬೇಡಿ ಎಂದರು.

ಮೂರನೆಯ ದಿನ ಆಪರೇಷನ್ ಆಯಿತು. ಅಷ್ಟರಲ್ಲಿ ಯಜಮಾನರು ಒಂದು ರಾತ್ರಿ ಮುನಿಸಿಕೊಂಡು, ಬೆಳಿಗ್ಗೆ ಮಗಳ ಕಣ್ಣನ್ನು ತಾವೇ ಮುಚ್ಚಿಸಿ ನೋಡಿ, ಸಹಿ ಹಾಕಿದ್ದರು. ಕಿವಿಯ ಹಿಂದಿನ ಎಲುಬು ಕೊರೆದು ಹೋಗಬೇಕಾಯಿತು. ನಾಲ್ಕು ತಾಸು. ಲೇಡಿ ಡಾಕ್ಟರು ಹೊರಗೆ ಬಂದು, ಎಲ್ಲ ತೆಗೆದೆವು, ಮೂರು ಎಲುಬಿನಲ್ಲಿ ಎರಡು ಇರಲೇ ಇಲ್ಲ, ಮೂರನೆಯದು ಮೊಟಕಾಗಿತ್ತು, ಮುಖದ ನರ ಸುಮ್ಮನೆ ಒತ್ತಿಹೋಗಿತ್ತು, ತುಂಡಾಗಿಲ್ಲ ಎಂದರು. ಆ ಕಿವಿಯಲ್ಲಿ ಇನ್ನು ಕೇಳುವುದಿಲ್ಲ. ಒಂದು ಚೂರು ಉಳಿದಿದ್ದರೂ ಮತ್ತೆ ಬೆಳೆಯುತ್ತದೆ, ವರ್ಷ ವರ್ಷ ತೋರಿಸಬೇಕು.

ಎರಡು ವರ್ಷ ಮುಂಚೆ ತಂದಿದ್ದರೆ ಎಂದು ಕೇಳಿದೆ.

ಅವರು ಕೈ ಒರೆಸಿಕೊಳ್ಳುತ್ತಿದ್ದರು. "ಆಗ ಸಣ್ಣದಿತ್ತು" ಎಂದರು.

ಎರಡು ತಿಂಗಳಿಗೆ ಎಡಗಣ್ಣು ಪೂರ್ತಿ ಮುಚ್ಚತೊಡಗಿತು. ಆಗ ನಾನು ಆಸ್ಪತ್ರೆಯ ಕಾಗದ ಹಿಡಿದು ಡಾಕ್ಟರ ಬಳಿ ಹೋದೆ. ಜಗಳಕ್ಕಲ್ಲ. ಇನ್ನೊಬ್ಬಳ ಕೂಸು ಆ ಒಣ ಬೆಂಚಿನ ಮೇಲೆ ಕೂತಿರಬಹುದು, ಇವರು ಒಂದು ಸಲ ನೋಡಲಿ ಎಂದು. ಅವರು ಕಾಗದವನ್ನು ದೂರ ಹಿಡಿದು ಓದಿದರು. ಓದುವಾಗ ಅವರ ಮುಖ ಒಂದು ಕ್ಷಣ ಬಿಳುಪೇರಿದ್ದನ್ನು ಕಂಡೆ. ಮಡಿಸಿ ಕೊಡುವ ಹೊತ್ತಿಗೆ ಅದು ತನ್ನ ಬಣ್ಣಕ್ಕೆ ಬಂದಾಗಿತ್ತು.

"ಹುಟ್ಟಿದಾಗಿಂದ ಇತ್ತಂತ. ಅಂದ್ರ ನಿನ್ನ ಹೊಟ್ಟಿಯಿಂದ ತಂದದ್ದು. ಅದಕ್ಕ ನಾ ಏನ ಮಾಡ್ಲಿ ತಂಗೀ?"

ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, ಜನ್ಮದಾಗ ಒಂದು ಕಾಣೂ ಜಡ್ಡಿಗೆ ಒಣ ಬೆಂಚಿನವರನ್ನೆಲ್ಲ ನೋಡಿಕೋತ ಕೂಡಲೇನು ಎಂದರು. ಅವರು ನನ್ನನ್ನು ಕೇಳಿದ ಒಂದೇ ನಿಜವಾದ ಪ್ರಶ್ನೆ ಅದು, ಆದ್ದರಿಂದ ಉತ್ತರ ಹೇಳಿದೆ. ಕೂಡಬೇಕು ಎಂದೆ. ಆ ಜಡ್ಡು ಅಪರೂಪದ್ದೇ ಇರಬಹುದು, ಅದನ್ನು ಗುರುತಿಸದೆ ಹೋದದ್ದಕ್ಕೆ ನಾನು ಅವರನ್ನು ಹಳಿಯುವುದಿಲ್ಲ. ಲೇಡಿ ಡಾಕ್ಟರೂ ತಾನು ಇಂಥದ್ದು ಕಂಡದ್ದು ಇದೇ ಮೊದಲು ಎಂದಿದ್ದರು. ಅವರು ಓದಿದ್ದರು, ನೋಡಿದರು, ಕೇಳಿದರು. ಇವರಿಗೆ ಐದು ಎಣಿಸುವಷ್ಟರ ಮೇಲೆ ಆರು ಎಣಿಸುವಷ್ಟು ಪುರುಸೊತ್ತು ಇರಲಿಲ್ಲ, ಬೆಂಚುಗಳನ್ನು ನಗಿಸಲು ಮಾತ್ರ ಇತ್ತು.

ಬೆಂಚುಗಳು ಅವರು ಸಾಯುವ ತನಕ ಹಾಗೇ ಇದ್ದವು. ಮಾತು ಸ್ವಲ್ಪ ಬದಲಾಯಿತು. ಸಂಘದಲ್ಲಿ ಅವರು ಹೇಳತೊಡಗಿದರು, ನಮ್ಮವರದೇ ಒಂದು ಹುಡುಗಿ, ಪರದೆಯ ಮೇಲೆ ಬಿಳುಪು ನಾನೇ ಮೊದಲು ಕಂಡೆ, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿತು ಅಂತ. ಮೊದಲ ಅರ್ಧ ಸುಳ್ಳಲ್ಲ. ಬಿಳುಪನ್ನು ಅವರೇ ಮೊದಲು ಕಂಡರು. ಅದನ್ನು ಕಂಡವರು ಯಾರು ಎಂದು ಕೇಳುತ್ತಿದ್ದ ಜನ, ಕಂಡು ಏನು ಮಾಡಿದರು ಎಂದು ಕೇಳಲಿಲ್ಲ. ಯಜಮಾನರೂ ಅಲ್ಲಿ ಕೂತು ಕೇಳಿ ಬರುತ್ತಿದ್ದರು. ಒಂದು ಸಲ ನಾನು ಯಾಕೆ ಸುಮ್ಮನಿದ್ದಿರಿ ಎಂದೆ. ನೌಕರಿ ಕೊಡಿಸಿದವರು ಎಂದರು.

ಹೋದ ವರ್ಷ ಸಂಘದ ವಾರ್ಷಿಕೋತ್ಸವದಲ್ಲಿ ಕುಮುದಾಗೆ ಪದ್ಯ ಹೇಳುವುದರಲ್ಲಿ ಮೊದಲ ಬಹುಮಾನ ಬಂತು. ಒಂದೇ ಕಿವಿಯಲ್ಲಿ ಕೇಳಿ ಕಲಿತ ಪದ್ಯ. ಶಾಲೆಯಲ್ಲಿ ಬಲಕಿವಿ ಟೀಚರಬಾಯಿಯ ಕಡೆ ಬರುವ ಜಾಗದಲ್ಲಿ ಕೂರುತ್ತಾಳೆ, ರಸ್ತೆಯಲ್ಲಿ ನನ್ನ ಎಡಗಡೆ ನಡೆಯುತ್ತಾಳೆ, ಎಲ್ಲ ತಾನೇ ಹೊಂದಿಸಿಕೊಂಡಿದ್ದಾಳೆ. ಬಹುಮಾನ ಕೊಡುವವರು ಡಾಕ್ಟರೇ. ಆಗಲೇ ಮೈ ಇಳಿದಿತ್ತು, ಕುರ್ಚಿಯಿಂದ ಏಳಲು ಇಬ್ಬರು ಹಿಡಿಯುತ್ತಿದ್ದರು. ಕುಮುದಾಳ ಹೆಸರು ಕರೆದಾಗ ಅವರು ಒಬ್ಬರೇ ಎದ್ದರು. ಪುಸ್ತಕ ಅವಳ ಕೈಗಿಟ್ಟರು. ಇಟ್ಟು, ಅವಳ ಹೆಗಲ ಮೇಲೆ ಕೈ ಊರಿ, ಬಾಗಿ, ಅವಳ ಎಡಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದರು. ಜಾಣೆ, ಚೆನ್ನಾಗಿ ಓದು ಎನ್ನುವಷ್ಟು ಸಣ್ಣದಲ್ಲ. ಮುಂದಿನ ಹುಡುಗನನ್ನು ಕರೆಯಬೇಕಾದವರು ಕಾಗದ ಹಿಡಿದು ಕಾಯುವಷ್ಟು ಹೊತ್ತು ಹೇಳಿದರು. ಜೀವಮಾನದಲ್ಲಿ ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಎರಡನೆಯ ಸಾಲಿನಲ್ಲಿದ್ದ ನನಗೆ ಒಂದಕ್ಷರವೂ ಕೇಳಲಿಲ್ಲ.

ಕುಮುದಾ ಕೆಳಗಿಳಿದು ಬಂದು ಪಕ್ಕದಲ್ಲಿ ಕೂತಳು. ಏನಂದರು ಎಂದೆ.

"ಗೊತ್ತಿಲ್ಲವ್ವಾ. ಆ ಕಡೆಯಿಂದ ಅಂದ್ರು."

ಮತ್ತೆ ಕೇಳಬೇಕಾಗಿತ್ತು ಎಂದೆ. ದೊಡ್ಡವರು ಎರಡನೇ ಸಲ ಕೇಳಿದರೆ ಬಯ್ಯುತ್ತಾರೆ, ಗೋಣು ಹಾಕಿ ಬಂದೆ ಎಂದಳು.

ಅವರು ತಪ್ಪಾಯಿತು ಎಂದರೇ? ಇರಬಹುದು. ಆ ಮುಖ ಅಂಥ ಮಾತಿನದೇ ಇತ್ತು. ಯಜಮಾನರಂತೂ ಹಾಗೇ ನಂಬಿದ್ದಾರೆ, ಸಾಯುವ ಮುಂಚೆ ಹೇಳಿ ಹೋದರಲ್ಲ ಎನ್ನುತ್ತಾರೆ. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಯಾವ ಕಿವಿ ಹೋಯಿತು ಎನ್ನುವುದೇ ಅವರಿಗೆ ನೆನಪಿರಲಿಲ್ಲ ಎನ್ನಬೇಕು. ಇಲ್ಲವೇ ಚೆನ್ನಾಗಿ ನೆನಪಿಟ್ಟುಕೊಂಡು, ಯಾರೂ ಕೇಳದ ಜಾಗ ಹುಡುಕಿ ಹೇಳಿ ಹಗುರಾದರು ಎನ್ನಬೇಕು. ಸಂಚಿಕೆಯವರು ಇವೆರಡರಲ್ಲಿ ತಮಗೆ ಒಪ್ಪುವುದನ್ನು ಅಚ್ಚು ಹಾಕಲಿ. ನನ್ನ ಮಗಳ ಕೇಳುವ ಕಿವಿ ಅಲ್ಲೇ, ಒಂದು ಗೇಣು ಆಚೆಗೆ ಇತ್ತು.